ಹಸಿರು ವೈರು

ಮಧ್ಯಾಹ್ನ ಒಂದು ಗಂಟೆ ಏಳು ನಿಮಿಷಕ್ಕೆ ನಾನು ಹಸಿರು ವೈರನ್ನು ಕತ್ತರಿಸಿದೆ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ಫೋನಿನಿಂದ. ಕತ್ತರಿಸಿದ ಕೂಡಲೇ ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿ ತಂಗಿಗೆ ಕಳಿಸಿದ್ದೆ. ಅದರಲ್ಲಿ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರು, ಪಕ್ಕದಲ್ಲಿ ಒಂದು ಸಣ್ಣ ಆಂಪ್ಲಿಫೈಯರು ಕಾಣುತ್ತವೆ. ಕೇಳಿಸುವುದು ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ತೋರಿಸಲೆಂದೇ ಮಾಡಿದ ವಿಡಿಯೋ ಅದು. ಕೊನೆಯಲ್ಲಿ ನನ್ನ ದನಿ, "ಕೇಳಿದ್ಯಾ? ಗುಂಯ್ ಅನ್ನೂದು ನಿಂತಬಿಟ್ಟೈತಿ" ಎಂದು ನಗುತ್ತದೆ. ಆ ನಗುವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಗಿಟಾರು ಸಿಕ್ಕಿದ್ದು ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ. ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವುದು ನನ್ನ ಕೆಲಸ. ಜೊತೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಕಪಾಟಿನ ಮೇಲೆ ಇತ್ತೆಂದು ಗಿಟಾರನ್ನೂ ಆಂಪ್ಲಿಫೈಯರನ್ನೂ ತಂದುಕೊಟ್ಟರು. "ಬಾರಸ್ತೀರೋ, ನೀರ ಕಾಸಾಕ ಒಲಿಗೆ ಹಾಕ್ತೀರೋ, ನಿಮಗ ಬಿಟ್ಟಿದ್ದರಿ" ಎಂದರು. ಹೊಸದಿದ್ದಾಗಲೇ ಅದು ಅಗ್ಗದ ಮಾಲು. ಕಪ್ಪು ಬಣ್ಣ ಎದ್ದುಹೋದ ಕಡೆ ಪ್ಲೈವುಡ್ಡಿನ ಪದರಗಳು ಕಾಣುತ್ತಿದ್ದವು. ತಂತಿಗಳಿಗೆ ತುಕ್ಕು. ತಂತಿ ಬಿಗಿಯುವ ಕಿವಿಗಳನ್ನು ತಿರುವಿ ಶ್ರುತಿ ಮಾಡಿದರೆ ಅರ್ಧ ಹಾಡು ಮುಗಿಯುವುದರೊಳಗೆ ಇಳಿದುಹೋಗುತ್ತಿತ್ತು.

ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಗೆಳತಿಯ ಗಿಟಾರಿನ ಮೇಲೆ ತಂತಿ ಒತ್ತುವ ನಾಲ್ಕು ಪಟ್ಟು ಕಲಿತಿದ್ದೆ. ಅಷ್ಟೇ ನನ್ನ ವಿದ್ಯೆ. ಆದರೆ ಈ ಗಿಟಾರನ್ನು ರಿಪೇರಿ ಮಾಡುವುದರಲ್ಲಿ ಬಾರಿಸುವುದಕ್ಕಿಂತ ಹೆಚ್ಚು ಸುಖವಿತ್ತು. ವಡಗಾವಿಯಲ್ಲಿ ನಾನು ಬಾಡಿಗೆಗಿರುವುದು ಒಂದು ಮಗ್ಗದ ಶೆಡ್ಡಿನ ಮೇಲಿನ ಕೋಣೆಯಲ್ಲಿ. ಎರಡು ತಿಂಗಳು, ಕೆಲಸದಿಂದ ಬಂದು ಚಹಾ ಕುಡಿದ ಮೇಲೆ, ಮಂಚದ ಮೇಲೆ ಹಳೇ ಸೀರೆ ಹಾಸಿ ಗಿಟಾರನ್ನು ಮಲಗಿಸಿ ಕೂರುತ್ತಿದ್ದೆ. ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳನ್ನು ಕಾರ್ಖಾನೆಯ ನುಣುಪು ಪಾಲಿಶ್ ಪೇಪರಿನಿಂದ ಒಂದೊಂದಾಗಿ ಉಜ್ಜಿದೆ. ಧೂಳು ಕುಡಿದ ವಾಲ್ಯೂಮಿನ ಗುಂಡಿಗೆ ಸ್ಪ್ರೇ ಹೊಡೆದು ನೂರು ಸಲ ತಿರುಗಿಸಿದೆ. ತಂತಿಗಳನ್ನು ತಲೆಯ ಹತ್ತಿರ ಎತ್ತಿ ಹಿಡಿಯುವ ಸಣ್ಣ ಪಟ್ಟಿ ಸೀಳಿತ್ತು. ಕೆಳಗಿನ ಶೆಡ್ಡಿನ ಮಾಲೀಕರಾದ ಕಾಕಾ ಒಂದು ಸವೆದ ನೈಲಾನ್ ತುಂಡು ಕೊಟ್ಟರು. ಮಗ್ಗದಲ್ಲಿ ಲಾಳಿಯನ್ನು ಹೊಡೆದು ಆಚೆ ತಳ್ಳುವ ತುಂಡು ಅದು. ಅದನ್ನೇ ಕೊಯ್ದು, ಅರ ಹೊಡೆದು, ಆರು ಗೆರೆ ಕೊರೆದು ಕೂರಿಸಿದೆ. ಶ್ರುತಿ ನಿಂತಿತು.

ಎಲ್ಲಕ್ಕಿಂತ ಹೆಮ್ಮೆ ಪಟ್ಟದ್ದು ಇನ್ನೊಂದು ಕೆಲಸಕ್ಕೆ. ಗಿಟಾರಿನ ಹೊಟ್ಟೆಯೊಳಗೆ ಕೂದಲಿನಷ್ಟು ತೆಳುವಾದ ಒಂದು ವೈರು ಕಿತ್ತುಹೋಗಿತ್ತು. ಬಾರಿಸುವ ತಂತಿಗಳನ್ನೆಲ್ಲ ಕೇಬಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಜೋಡಿಸುವ ವೈರು ಅದು. ಅದು ಸರಿಯಿದ್ದರೆ ತಂತಿಯ ಮೇಲೆ ಕೈ ಇಟ್ಟಾಗ ಗೊರಗೊರ ಕಡಿಮೆಯಾಗುತ್ತದೆ. ಊಟದ ಬಿಡುವಿನಲ್ಲಿ ಕಾರ್ಖಾನೆಯ ಬೆಂಚಿನ ಮೇಲೆ ಅದಕ್ಕೆ ಬೆಸುಗೆ ಹಾಕಿದೆ. ಬೆಸುಗೆ ಕನ್ನಡಿಯ ಹಾಗೆ ಹೊಳೆಯಿತು. ಅಂಥ ಬೆಸುಗೆಯನ್ನು ನಾನು ಅದಕ್ಕಿಂತ ಮೊದಲು ಹಾಕಿರಲಿಲ್ಲ.

ಮೊದಲ ದಿನ ಬಾರಿಸಿದ್ದು ನೆನಪಿದೆ. ಒಂದೇ ಸ್ವರ, ದಪ್ಪ ತಂತಿಯದು. ಎದೆಗೆ ಒತ್ತಿಹಿಡಿದಿದ್ದರಿಂದ ಪಕ್ಕೆಲುಬಿನಲ್ಲಿ ಕೇಳಿಸಿತು. ಮೂವತ್ತನಾಲ್ಕು ವರ್ಷದ ನಾನು ಕೋಣೆಯ ಬಾಗಿಲು ಹಾಕಿಕೊಂಡು ಆ ಒಂದೇ ಸ್ವರವನ್ನು ಒಂದು ತಾಸು ಬಾರಿಸಿದೆ.

ನಮ್ಮ ಓಣಿಯಲ್ಲಿ ಮಗ್ಗಗಳು ಬೆಳಗಿನಿಂದ ಒಂದೇ ಸಮ ಬಡಿಯುತ್ತವೆ. ನನ್ನ ಗಿಟಾರಿನ ಸದ್ದು ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ, ಅದರ ದೋಷವೂ ನನಗೆ ಕೇಳಿಸುತ್ತಿರಲಿಲ್ಲ. ಒಂದಕ್ಕೆ ಊಟಕ್ಕೆಂದು ಮಗ್ಗ ನಿಲ್ಲುತ್ತವೆ. ವಾರದ ರಜೆಯ ದಿನ, ಹಾಗೆ ಒಮ್ಮೆಲೇ ಓಣಿ ಸುಮ್ಮನಾದಾಗ, ಆಂಪ್ಲಿಫೈಯರು ಗುಂಯ್‌ಗುಡುತ್ತಿರುವುದು ಮೊದಲ ಸಲ ಕಿವಿಗೆ ಬಿತ್ತು. ತಂತಿ ಮುಟ್ಟಿದರೂ ನಿಲ್ಲಲಿಲ್ಲ. ಎರಡು ತಿಂಗಳ ಶ್ರಮದ ಮೇಲೆ ಯಾರೋ ಕೂತು ಗೊರಕೆ ಹೊಡೆದಂತಾಯಿತು.

ಕೆಳಗೆ ಇಳಿದು ಕಾಕಾರನ್ನು ಕೇಳಿದೆ. ಅವರು ರೊಟ್ಟಿ ಮುರಿಯುತ್ತ, "ಅರ್ಥಿಂಗ್ ತಗದಬಿಡ್ರಿ. ನಮ್ಮ ಓಣ್ಯಾಗ ಅದರಾಗ ಬರೇ ಮಗ್ಗದ ಕರೆಂಟ್ ಹರೀತೈತಿ. ನಾವೆಲ್ಲಾ ತಗದೀವಿ" ಎಂದರು. ಅವರು ಓದಿದವರಲ್ಲ. ನಾನು ಫಿಜಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಮಾಡಿದವಳು. ಮೂರು ವೈರುಗಳಲ್ಲಿ ಹಸಿರು ಯಾಕಿರುತ್ತದೆ ಎಂದು ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ಪಡೆದವಳು. ಉಪಕರಣದ ಮೈಗೆ ಕರೆಂಟು ಸೋರಿದರೆ ಅದನ್ನು ಮನುಷ್ಯರ ಮೂಲಕ ಹೋಗಲು ಬಿಡದೆ ನೆಲಕ್ಕೆ ಇಳಿಸುವುದು ಅದರ ಕೆಲಸ. ಗೊತ್ತಿದ್ದೇ ಮೇಲೆ ಬಂದು ಪ್ಲಗ್ ಬಿಚ್ಚಿ ಹಸಿರನ್ನು ಕತ್ತರಿಸಿದೆ. ಗುಂಯ್ ನಿಂತಿತು. ವಿಡಿಯೋ ಮಾಡಿದೆ.

ಆಮೇಲಿನ ಮೂರು ವಾರಗಳಲ್ಲಿ ಎರಡು ಸಲ, ಮಂಚದಿಂದ ಕಾಲು ಇಳಿಸಿ ಬೆರಳ ತುದಿ ನೆಲಕ್ಕೆ ತಾಗಿದಾಗ, ತಂತಿ ಹಿಡಿದ ಕೈಯಲ್ಲಿ ಚುಮುಚುಮು ಎಂದಿತ್ತು. ಇದನ್ನು ಬರೆಯುವುದಕ್ಕೆ ನನಗೆ ಬಹಳ ಕಷ್ಟವಾಗುತ್ತಿದೆ, ಯಾಕೆಂದರೆ ಬಹಳ ದಿನ ಇದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ. ನಮ್ಮ ಓಣಿಯಲ್ಲಿ ಚುಮುಚುಮು ಹೊಸದಲ್ಲ. ಕಬ್ಬಿಣದ ಕಪಾಟು, ಮಗ್ಗದ ಚೌಕಟ್ಟು, ನೀರಿನ ಮೋಟಾರು, ಎಲ್ಲವೂ ಒಂದಿಷ್ಟು ಕಚ್ಚುತ್ತವೆ. ಕಾಲು ಮೇಲೆ ಎಳೆದುಕೊಂಡು ಬಾರಿಸುವುದನ್ನು ಮುಂದುವರಿಸಿದ್ದೆ.

ತಂಗಿಯನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ. ಕುರಿ ಸಾಕುತ್ತಿದ್ದ ಮನೆತನ, ಈಗ ಸ್ವಲ್ಪ ಹೊಲ, ಮನೆಯ ಮಗನಿಗೆ ನೌಕರಿ. ಅವಳ ಅತ್ತೆಯನ್ನು ನಾನೂ ಅತ್ತಿ ಎಂದೇ ಕರೆಯುತ್ತೇನೆ. ಅರವತ್ತು ದಾಟಿದವರು. ಸೋಮವಾರದ ಹೆಂಗಸರ ಭಜನೆಯಲ್ಲಿ ಮೂವತ್ತು ವರ್ಷದಿಂದ ತಾಳ ಅವರದು. ಒಂದು ಪದ ಕನ್ನಡ, ಒಂದು ಪದ ಮರಾಠಿ, ಹಾಡುವವರು ಬದಲಾದರೂ ತಾಳ ಬದಲಾಗುವುದಿಲ್ಲ. ವಿಡಿಯೋ ನೋಡಿ ಅವರೇ ಫೋನ್ ಮಾಡಿಸಿದ್ದರು, ಆ ಕರೆಂಟಿನ ವಾದ್ಯ ತಗೊಂಡು ಬಾ ಎಂದು.

ಹೋದೆ. ಬಸ್ಸಿನಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಆಂಪ್ಲಿಫೈಯರನ್ನು ಕಾಲ ನಡುವೆ ಹಿಡಿದುಕೊಂಡು. ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಅತ್ತಿ ನನಗೆಂದು ಕಂಬಳಿ ಹಾಸಿದರು. ಬಂದವರನ್ನು ಬರೀ ನೆಲದ ಮೇಲೆ ಕೂರಿಸುವ ಮನೆಯಲ್ಲ ಅದು.

"ಬೆಳಗಾಂವ ಬಾಯಾರ ಗಂಡನ ಬದಲಿ ಇದನ್ನ ಕಟಗೊಂಡಾರೇನು?" ಎಂದು ಕೇಳಿದರು.

"ಇದು ಚಲೋ ಐತ್ರಿ ಅತ್ತಿ. ಬೇಕಾದಾಗ ಕಿವಿ ಹಿಂಡಬಹುದು."

"ಹಂಗಾರ ನನಗೂ ಒಂದ ತಂದಕೊಡು. ನಿಮ್ಮಾವನ ಕಿವಿ ಮುಪ್ಪಾಗ್ಯಾವ, ಹಿಂಡಿದ್ರ ಕೈಯಾಗ ಬರ್ತಾವ."

ಒಳಗಿನಿಂದ ತಂಗಿ ನಕ್ಕಳು. ನಾನು ಭಜನೆಯ ಒಂದು ಧಾಟಿಯನ್ನು ಒಂದೊಂದೇ ಸ್ವರ ಹುಡುಕುತ್ತ ಬಾರಿಸಿದೆ. ಅತ್ತಿ ಗೋಡೆಗೆ ಒರಗಿ ಕೇಳಿದರು. ಅವರ ಬೆರಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಮುಗಿದ ಮೇಲೆ ಎದ್ದು ಹಿತ್ತಿಲಿಗೆ ಹೋದರು. ತೊಟ್ಟಿಯಲ್ಲಿ ನೀರು ತೋಡಿಕೊಳ್ಳುವ ಸದ್ದು ಕೇಳಿತು. ಯಾವ ವಾದ್ಯವನ್ನೂ ಅವರು ಕೈಕಾಲು ತೊಳೆಯದೆ ಮುಟ್ಟುವವರಲ್ಲ. ತೊಳೆದ ಕೈಯನ್ನು ಸೀರೆಗೆ ಒರೆಸುವುದೂ ಇಲ್ಲ, ಒರೆಸಿದರೆ ತೊಳೆದದ್ದು ಹೋಯಿತು ಎನ್ನುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ತಾಳಕ್ಕೂ ತಂಬೂರಿಗೂ ಅವರು ಹಾಗೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ.

ಫರಸಿಯ ಮೇಲೆ ಒದ್ದೆ ಹೆಜ್ಜೆ ಮೂಡಿಸುತ್ತ ಬಂದು ನನ್ನ ಮುಂದೆ ಬಗ್ಗಿದರು. "ಹಿಡೀಲೇನು?" ಎಂದರು. ನಾನು ಗಿಟಾರನ್ನು ಅದರ ಮರದ ಮೈ ಹಿಡಿದು ಮುಂದೆ ಚಾಚಿದೆ. ಅವರು ಮೊದಲು ನಮಸ್ಕಾರ ಮಾಡಲು ಬಲಗೈಯನ್ನು ತಂತಿಗಳ ಮೇಲೆ ಇಟ್ಟರು.

ಕೈ ಮುಚ್ಚಿಕೊಂಡಿತು. ಅವರು ಕೂಗಲಿಲ್ಲ. ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು, ಮೊಣಕೈ ಅದುರತೊಡಗಿತು, ಕಣ್ಣು ನನ್ನನ್ನೇ ನೋಡುತ್ತಿತ್ತು. ನನಗೆ ಏನೂ ತಗಲಲಿಲ್ಲ, ಯಾಕೆಂದರೆ ನಾನು ಅವರು ಹಾಸಿದ ಒಣ ಕಂಬಳಿಯ ಮೇಲೆ ಕೂತಿದ್ದೆ. ಏನಾಗುತ್ತಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸ್ವಿಚ್ಚು ನನ್ನಿಂದ ಎರಡು ಮಾರು ದೂರದಲ್ಲಿತ್ತು. ನಾನು ಏಳಲಿಲ್ಲ. ಗಿಟಾರನ್ನು ಹಿಡಿದುಕೊಂಡೇ ಕೂತಿದ್ದೆ, ಬಿದ್ದರೆ ಒಡೆಯುತ್ತದೆ ಎನ್ನುವ ಹಾಗೆ.

ಚಹಾ ತರುತ್ತಿದ್ದ ತಂಗಿ ಬಾಗಿಲಲ್ಲಿ ಕಪ್ಪುಗಳನ್ನು ಕೈಬಿಟ್ಟು ಗೋಡೆಯ ಸ್ವಿಚ್ಚನ್ನು ಮುಷ್ಟಿಯಿಂದ ಗುದ್ದಿದಳು. ಮೂರು ಸೆಕೆಂಡೋ ನಾಲ್ಕೋ. ಅತ್ತಿ ಪಕ್ಕಕ್ಕೆ ಬಿದ್ದರು.

"ಏನಾತ ಅಕ್ಕಾ?"

"ಗೊತ್ತಿಲ್ಲ" ಎಂದೆ. "ಮನೀ ವೈರಿಂಗ್ ಹಳೇದ ಕಾಣಸ್ತೈತಿ."

ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ, ಪಕ್ಕದ ಮನೆಯವರು ಅತ್ತಿಯನ್ನು ಗಾಡಿಗೆ ಏರಿಸುತ್ತಿರುವಾಗ, ನಾನು ಇನ್ನೊಂದು ಕೆಲಸ ಮಾಡಿದೆ. ಪ್ಲಗ್ ಕಿತ್ತು, ವೈರು ಸುತ್ತಿ, ಆಂಪ್ಲಿಫೈಯರಿನ ಸಮೇತ ಚೀಲದ ತಳಕ್ಕೆ ಹಾಕಿ ಮೇಲೆ ನನ್ನ ಓಢಣಿ ಮುಚ್ಚಿದೆ. ಸ್ವಿಚ್ಚಿನ ಕಡೆಗೆ ಏಳದ ಕಾಲುಗಳು ಇದಕ್ಕೆ ಕೂಡಲೇ ಎದ್ದವು.

ಡಾಕ್ಟರು ಇ.ಸಿ.ಜಿ. ಪಟ್ಟಿ ತೆಗೆಸಿ ನೋಡಿದರು. ಹೃದಯಕ್ಕೆ ಏನೂ ಆಗಿಲ್ಲ, ಮೂರು ಬೆರಳು ಸುಟ್ಟಿವೆ, ಒಂದು ದಿನ ಇರಲಿ ಎಂದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ನನ್ನ ತಲೆಯಲ್ಲಿ ಆಗ ಬಾರಿಸಿದ ಧಾಟಿ ಇನ್ನೂ ಓಡುತ್ತಿತ್ತು. ಎರಡನೇ ಸಾಲಿನ ಒಂದು ಸ್ವರವನ್ನು ತಪ್ಪು ಹಿಡಿದಿದ್ದೆ ಎಂದು ಅಲ್ಲಿ ಹೊಳೆಯಿತು. ಅಂಥ ಹೊತ್ತಿನಲ್ಲಿ ಅದು ಹೊಳೆದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಆವತ್ತಿನಿಂದ ನಿದ್ದೆ ತುಂಡಾಯಿತು. ಕಣ್ಣು ಹತ್ತಿದರೆ ಆ ಕೈ ಮುಚ್ಚಿಕೊಳ್ಳುತ್ತಿತ್ತು. ಹಗಲು ಕಾರ್ಖಾನೆಯಲ್ಲಿ ಅಳತೆ ನೋಡುವಾಗಲೂ ಅದೇ. ಕಂಬಳಿಯಿಂದ ಎದ್ದು ಸ್ವಿಚ್ಚಿನವರೆಗೆ ಹೋಗಲು ಎಷ್ಟು ಹೆಜ್ಜೆ, ಎರಡಾ, ಮೂರಾ, ಎಂದು ಎಣಿಸುತ್ತಿದ್ದೆ. ಗಿಟಾರನ್ನು ಮಂಚದ ಕೆಳಗೆ ತಳ್ಳಿದ್ದೆ.

ಎರಡು ವಾರದ ಮೇಲೆ ನೋಡಲು ಹೋದೆ. ಗಾಯ ಒಣಗುತ್ತಿತ್ತು. ಅದು ಸೋಮವಾರ, ಗುಡಿಯಲ್ಲಿ ಭಜನೆ. ಅತ್ತಿ ಬಂದರು, ಆದರೆ ಕಂಬದ ಆಚೆ, ಕೇಳುವವರ ಜೊತೆ ಕೂತರು. ಅವರ ತಾಳವನ್ನು ಬೇರೆ ಹೆಂಗಸೊಬ್ಬಳು ಹಿಡಿದಿದ್ದಳು, ಲಯ ಓಡುತ್ತಿತ್ತು. ಅತ್ತಿ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು.

"ಬೆರಳ ನೋಯ್ತಾವೇನ್ರಿ ಅತ್ತಿ?" ಎಂದು ದಾರಿಯಲ್ಲಿ ಕೇಳಿದೆ.

"ಬೆರಳಿಗೇನ ಆಗೇತಿ. ಭಾಂಡೆ ತಿಕ್ತೀನಿ, ರೊಟ್ಟಿ ಬಡೀತೀನಿ."

"ಮತ್ತ ತಾಳಾ?"

"ವಿದ್ಯಾ ನನ್ನ ಒಲ್ಲೆ ಅಂತು, ಯವ್ವಾ. ನಾ ಅವತ್ತ ಕೈಕಾಲ ತೊಳಕೊಂಡಿದ್ದೆ ಖರೇ. ಮನಸ ತೊಳಕೊಂಡಿರಲಿಲ್ಲ. ನೀ ಬಾರಸಾಕತ್ತಿದ್ದಿ, ನಾ ಕುಂತ ಏನ ಅನ್ಕೊಂಡೆ ಗೊತ್ತೇನು? ಈಕಿಗೆ ಒಂದ ಖೋಲಿ ಐತಿ, ಬಾಗಲಾ ಹಾಕ್ಕೊಂಡ ಕುಂದ್ರತಾಳ, ಯಾರೂ ಚಾ ಕೇಳೂದಿಲ್ಲ. ನನಗ್ಯಾಕ ಹಂಗ ಬರಲಿಲ್ಲ ಅಂತ ಹೊಟ್ಟೀಕಿಚ್ಚ ಪಟ್ಟೆ. ಅದs ಮನಸಲೆ ಎದ್ದ ಬಂದ ಮುಟ್ಟಿದೆ. ಬಡೀತು. ಇನ್ನ ತಾಳಾನೂ ಬಡದ್ರ?"

ಅಲ್ಲೇ ಹೇಳಬಹುದಿತ್ತು. ಬಾಯಿಯವರೆಗೆ ಬಂತು. "ಹಂಗೇನಿಲ್ಲ ಬಿಡ್ರಿ" ಎಂದೆ, ಅಷ್ಟೇ. ನನ್ನ ಒಂದು ಮಾತಿನಿಂದ ಅವರಿಗೆ ತಾಳ ವಾಪಸ್ಸು ಸಿಗುತ್ತಿತ್ತು, ಆ ಮಾತನ್ನು ನಾನು ಬಸ್ಸಿನಲ್ಲಿ ನನ್ನ ಜೊತೆ ಬೆಳಗಾವಿಗೆ ವಾಪಸ್ಸು ತಂದೆ. ತಂಗಿಯ ಮನೆಯಲ್ಲಿ ಎಲ್ಲರೂ ನನ್ನನ್ನು ಏನನ್ನುತ್ತಾರೆ ಎಂಬ ಹೆದರಿಕೆ ಒಂದು ಕಡೆ. ಓದಿದವಳು ಎಂದು ಅವರು ನನಗೆ ಕೊಡುವ ಮರ್ಯಾದೆ ಹೋಗುತ್ತದೆ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು.

ಆಂಪ್ಲಿಫೈಯರನ್ನು ರವಿವಾರ ಪೇಟೆಯ ಹಿಂದಿನ ಓಣಿಯ ರಿಪೇರಿಯವರಲ್ಲಿಗೆ ಒಯ್ದೆ. ಅವರು ಮೀಟರ್ ಹಚ್ಚಿ ನೋಡಿ, ಒಳಗಿನ ಟ್ರಾನ್ಸ್‌ಫಾರ್ಮರ್ ತೇವ ಹಿಡಿದು ಕರೆಂಟನ್ನು ಮೈಗೆ ಸೋರಿಸುತ್ತಿದೆ ಎಂದರು. ಪ್ಲಗ್ ಬಿಚ್ಚಿ ಹಸಿರು ವೈರಿನ ತುಂಡನ್ನು ಕಂಡು ಕನ್ನಡಕ ಮೇಲೆತ್ತಿದರು. "ಇದನ್ನ ಯಾವ ಶಾಣ್ಯಾ ಕತ್ತರಿಸ್ಯಾನ್ರಿ?"

"ನಾನು" ಎಂದೆ. ಯಾರ ಮುಂದೆಯಾದರೂ ಅದನ್ನು ಹೇಳಿದ್ದು ಅದೇ ಮೊದಲು. ಅವರು ನನ್ನ ಮುಖ ನೋಡಿ ಕನ್ನಡಕ ಇಳಿಸಿಕೊಂಡರು. ಗುಂಯ್ ಎನ್ನುವುದಕ್ಕೆ ಏನು ಮಾಡಬೇಕಿತ್ತು ಎಂದು ನಾನೇ ಕೇಳಿದೆ. ಓಣಿಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತದೆ, ಎರಡು ಕೊಡ ನೀರು ಹಾಕಿದ್ದರೆ ಸಾಕಿತ್ತು ಎಂದರು. ಅವತ್ತು ಸಂಜೆ ಕಾಕಾಗೆ ಹೇಳಿ ಗುಂಡಿಯ ಮುಚ್ಚಳ ತೆಗೆಸಿದೆ. ಇಬ್ಬರೂ ಸೇರಿ ನೀರು ಸುರಿದೆವು. ನೆಲ ಬುಸುಗುಟ್ಟಿ ಕುಡಿಯಿತು. ಹತ್ತು ನಿಮಿಷದ ಕೆಲಸ.

ಮರುವಾರವೇ ಖಾನಾಪುರಕ್ಕೆ ಹೋದೆ. ಕತ್ತರಿಸಿದ ಪ್ಲಗ್ಗನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ. ಅತ್ತಿ ಶೇಂಗಾ ಸುಲಿಯುತ್ತಿದ್ದರು, ತಂಗಿ ಎದುರಿಗೆ ಕೂತಿದ್ದಳು. ಅತ್ತಿ ಕಂಬಳಿ ತರಲು ಎದ್ದರು. ಬೇಡವೆಂದು ಫರಸಿಯ ಮೇಲೆಯೇ ಕೂತೆ.

"ಅತ್ತಿ, ವಿದ್ಯಾ ನಿಮ್ಮನ್ನ ಬಡದಿಲ್ಲ. ನಾ ಬಡದೀನಿ" ಎಂದೆ. ಪ್ಲಗ್ ತೋರಿಸಿದೆ. ಮೂರು ವೈರು, ಹಸಿರಿನ ಕೆಲಸ, ಯಾಕೆ ಕತ್ತರಿಸಿದೆ, ಚುಮುಚುಮು ಎಂದದ್ದು, ಗೊತ್ತಿದ್ದೂ ಏಳದೆ ಕೂತದ್ದು, ಪ್ಲಗ್ ಮುಚ್ಚಿಟ್ಟದ್ದು, ಮನೆಯ ವೈರಿಂಗಿನ ಮೇಲೆ ಹಾಕಿದ್ದು, ಎಲ್ಲವನ್ನೂ ಹೇಳಿದೆ. ಕೈ ಒಣಗಿದ್ದರೂ, ಮನಸ್ಸು ಎಷ್ಟೇ ತೊಳೆದಿದ್ದರೂ, ಯಾರು ಆ ನೆಲದ ಮೇಲೆ ನಿಂತು ಮುಟ್ಟಿದರೂ ಬಡಿಯುತ್ತಿತ್ತು ಎಂದೆ.

ಅತ್ತಿ ಪ್ಲಗ್ಗನ್ನು ತಿರುವಿ ತಿರುವಿ ನೋಡಿದರು. "ಇಷ್ಟss ಇದ?" ಎಂದರು.

"ಇಷ್ಟs ರಿ."

"ಮೂರ ವಾರಾತು, ನಾ ದಿನಾ ದೇವರ ಮುಂದ ನಿಂತ ತಪ್ಪಾತಂತ ಗಲ್ಲಾ ಬಡಕೊಂಡೀನಿ. ಅವನರ ಏನ ಅಂದಿರಬೇಕು. ಈಕಿಗೆ ಹುಚ್ಚ ಹಿಡದೈತಿ ಅಂದಿರಬೇಕು." ಮುಖದಲ್ಲಿ ನಗುವಿರಲಿಲ್ಲ. "ನೀ ಹೋದ ವಾರ ನನ್ನ ಬಾಜೂಕ ನಡದ ಬಂದಿ. ನಾ ನನ್ನ ಹೊಟ್ಟ್ಯಾಗಿನ ಹೊಲಸ ತಗದ ನಿನ್ನ ಮುಂದ ಇಟ್ಟೆ. ನೀ ನಿಂದ ಇಟಗೊಂಡ ಹೋದಿ."

"ಹೌದ್ರಿ."

"ವೈರ ಕತ್ತರಿಸಿದ್ದು ಹೋಗಲಿ. ಅದನ್ನ ಮರೀತೀನಿ. ಇದನ್ನ ಮರಿಯೂದಿಲ್ಲ. ಏಳು, ಬಸ್ಸಿಗೆ ಹೊತ್ತಾತು."

ಊಟದ ಹೊತ್ತು ಅದು. ಆ ಮನೆಯಿಂದ ನಾನು ಉಣ್ಣದೆ ಹೊರಟಿದ್ದು ಅದೊಂದೇ ಸಲ. ತಂಗಿ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಬಂದಾಗ, "ಆ ವಿಡಿಯೋ ನೋಡಿ ನಾನೂ ನಕ್ಕಿದ್ದೆ ಅಕ್ಕಾ. ನಂಗರ ಹೇಳಬೇಕಿತ್ತು ನೀ" ಎಂದಷ್ಟೇ ಹೇಳಿ ತಿರುಗಿ ಹೋದಳು.

ಮುಂದಿನ ಸೋಮವಾರ ಸಂಜೆ ಅವಳದೇ ಫೋನು ಬಂತು. ಭಜನೆ ಆಗಷ್ಟೇ ಮುಗಿದಿತ್ತು, ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು.

"ಅತ್ತಿ ತಾಳಾ ಹಿಡದರು" ಎಂದಳು.

ನಾನು ಮಂಚದ ಮೇಲೆ ಕೂತೆ.

"ಕೈ ತೊಳಕೊಂಡ ಬಂದು, ತಾಳಾ ಹಿಡದಿದ್ದ ಆಕೀ ಕೈಯಾಗಿಂದ ಕಸಗೊಂಡ್ರು. ಮೊದಲನೇ ಪದಕ್ಕ ಎರಡ ಸಲ ತಪ್ಪಿದ್ರು. ಆಮ್ಯಾಲ ಸರಿಹೋತು. ಮುಗದ ಮ್ಯಾಲ ಎಲ್ಲಾರ್ನೂ ಕುಂದರಿಸಿ ನಿನ್ನ ಕತಿ ಹೇಳಿದ್ರು. ಬೆಳಗಾಂವದಾಗ ಕಾಲೇಜ ಕಲತಾಕಿ, ಪಂಪ ಪಾಸ್ ಮಾಡಾಕಿ, ಒಂದ ವೈರ ಪಾಸ್ ಮಾಡಾಕ ಬರಲಿಲ್ಲ ಅಂತ. ಇನ್ನಾ ಹೇಳಾಕತ್ತಾರ. ಕೇಳ್ತೀಯೇನು?"

"ಬ್ಯಾಡ" ಎಂದೆ.

"ನೀ ಬರೂ ವಿಷಯಾ ಕೇಳಿದೆ. ಸದ್ಯಕ್ಕ ಬ್ಯಾಡ ಅಂದ್ರು."

"ಆತು."

ಫೋನ್ ಇಟ್ಟ ಮೇಲೆ ಅನ್ನಕ್ಕೆ ಇಟ್ಟೆ. ಉಂಡು, ತಾಟು ತೊಳೆದು, ಒಂಬತ್ತಕ್ಕೆಲ್ಲ ಮಲಗಿದೆ. ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಕೋಣೆಯ ತುಂಬ ಬೆಳಕಿತ್ತು. ಎಷ್ಟು ಹೊತ್ತಾಗಿದೆ ಎಂದು ತಿಳಿಯಲಿಲ್ಲ. ಬಾಗಿಲು ತೆಗೆದೆ. ಹಾಲಿನವನು ಹಾಕಿ ಹೋದ ಪಾಕೀಟು ಹೊಸ್ತಿಲ ಬಳಿ ಬಿಸಿಲಿಗೆ ಬೆಚ್ಚಗಾಗಿತ್ತು. ಮಂಗಳವಾರ. ಕೆಲಸಕ್ಕೆ ತಡವಾಗಿತ್ತು.